ಪೂಜೆ ಎಂಬ ಗುರುತು

ಶ್ರಾವಣದ ಎರಡನೆಯ ಸೋಮವಾರ ಬೆಳಿಗ್ಗೆ ಎಂಟಕ್ಕೆ ಎಂಟು ನಿಮಿಷ ಇರುವಾಗ ವಡಾಲದ ತಮ್ಮ ಮನೆಯ ದೇವರ ಕೋಣೆಯಲ್ಲಿ ಶಿವಪುತ್ರಪ್ಪ ಬಿದ್ದರು. ಮನೆಯಲ್ಲಿ ಅವರೊಬ್ಬರೇ ಇದ್ದರು. ವಿಕ್ರೋಳಿಯ ಕಚೇರಿಯಲ್ಲಿ ಕೂತು ಅವರ ಮನೆಯ ಮೇಲೆ ಕಣ್ಣಿಡುವ ಕೆಲಸದಲ್ಲಿದ್ದ ನಾಗರತ್ನಾ ಎಂಟೂಕಾಲಕ್ಕೆ ಒಮ್ಮೆ, ಒಂಬತ್ತೂಕಾಲಕ್ಕೆ ಒಮ್ಮೆ, ಹತ್ತೂಕಾಲಕ್ಕೆ ಒಮ್ಮೆ ಅವರ ಹೆಸರಿನ ಮುಂದೆ ‘ಪೂಜೆ’ ಎಂದು ಒತ್ತಿದಳು. ಮಧ್ಯಾಹ್ನ ಎರಡಕ್ಕೆ ಮನೆಗೆಲಸದ ಗಂಗುಬಾಯಿ ತನ್ನ ಹತ್ತಿರವಿದ್ದ ಕೀಲಿಯಿಂದ ಬಾಗಿಲು ತೆಗೆದಾಗ ಅವರಿಗೆ ಜೀವವಿತ್ತು, ಮಾತಿರಲಿಲ್ಲ. ಬುಧವಾರ ಆ ಬಿಲ್ಡಿಂಗಿನ ಗೇಟಿನಲ್ಲಿ ಗಂಗುಬಾಯಿಯ ಪ್ರವೇಶವನ್ನು ಬಂದ್ ಮಾಡಲಾಯಿತು.

ಗುರುವಾರ ಹನ್ನೊಂದರ ಹೊತ್ತಿಗೆ ಕುರ್ಲಾದಲ್ಲಿ ಗಾಡಿ ಬದಲಿಸಿ ಹಾರ್ಬರ್ ಲೈನಿನ ಲೇಡೀಸ್ ಡಬ್ಬಿಗೆ ಹತ್ತಿದ ನಾಗರತ್ನಾಳಿಗೆ ಕಿಟಕಿಯ ಸೀಟೇ ಸಿಕ್ಕಿತು. ಸಿಕ್ಕಿದ್ದಕ್ಕೆ ಅನುಮಾನವಾಯಿತು, ಇಷ್ಟು ಸುಲಭವಾಗಿ ಸೀಟು ಬಿಟ್ಟುಕೊಡುವ ದಿನ ಬೇರೆ ಏನನ್ನೋ ಕಿತ್ತುಕೊಳ್ಳಲು ಬಂದಿರುತ್ತದೆ. ತೊಡೆಯ ಮೇಲಿನ ಚೀಲದಲ್ಲಿ ಊಟದ ಡಬ್ಬಿಗೆ ಒತ್ತಿಕೊಂಡು ಒಂದು ಕಂದು ಲಕೋಟೆಯಿತ್ತು, ಅದರ ಪಕ್ಕ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ನೇರಳೆ ಶಾಯಿಯ ತಗಡಿನ ಡಬ್ಬಿಯಿತ್ತು. ಶಾಯಿ ಸೋರಿ ರೊಟ್ಟಿಗೆ ಹತ್ತೀತೇ ಎಂದು ಅವಳು ಎರಡು ಸಲ ಚೀಲದೊಳಗೆ ಕೈಹಾಕಿ ನೋಡಿದಳು. ಒಬ್ಬ ಹೆಂಗಸಿನ ಅನ್ನ ಕಸಿಯಲು ಹೊರಟು ತನ್ನ ರೊಟ್ಟಿಯ ಚಿಂತೆ. ಎದುರಿನ ಸೀಟಿನಲ್ಲಿ ಕೊತ್ತಂಬರಿಯ ಬುಟ್ಟಿಯನ್ನು ಕಾಲ ನಡುವೆ ಇಟ್ಟುಕೊಂಡ ಒಬ್ಬ ಮುದುಕಿ ಕಂಬಕ್ಕೆ ತಲೆ ಕೊಟ್ಟು ಕಣ್ಣು ಮುಚ್ಚಿದ್ದಳು. ಚುನಾಭಟ್ಟಿ ಬಂದು ಹೋಯಿತು, ಮುದುಕಿ ಅಲುಗಲಿಲ್ಲ. ಮುಂದಿನ ಸ್ಟೇಷನ್ನೂ ಹೋಯಿತು. ಎದೆ ಏರುತ್ತಿದೆಯೋ ಇಲ್ಲವೋ, ಸೆರಗಿನ ಮೇಲೆ ಸೆರಗು, ತಿಳಿಯಲಿಲ್ಲ. ನಾಗರತ್ನಾ ಬಾಗಿ ಆಕೆಯ ಮೊಣಕಾಲು ಮುಟ್ಟಿದಳು. ಮುದುಕಿ ಕಣ್ಣು ಬಿಟ್ಟು ಮೊದಲು ಬುಟ್ಟಿಯನ್ನು ನೋಡಿಕೊಂಡಳು, ಆಮೇಲೆ ಸೊಂಟದ ಚೀಲವನ್ನು ತಡವಿದಳು, ಆಮೇಲೆ ನಾಗರತ್ನಾಳನ್ನು ನೋಡಿ ಪಕ್ಕದವಳಿಗೆ ಮರಾಠಿಯಲ್ಲಿ ಏನೋ ಅಂದಳು. ಪಕ್ಕದವಳೂ ತನ್ನ ಪರ್ಸನ್ನು ಕಂಕುಳಿಗೆ ಎಳೆದುಕೊಂಡಳು. ನಾಗರತ್ನಾ ಕಿಟಕಿಯ ಕಡೆ ಮುಖ ತಿರುಗಿಸಿ ಹಳಿಯ ಪಕ್ಕದ ಕೆಸರನ್ನು ನೋಡಿದಳು. ಸೋಮವಾರ ಕೈ ಚಾಚಬೇಕಾಗಿತ್ತು. ಗುರುವಾರ ಚಾಚಿದ ಕೈ ಕಳ್ಳಿಯ ಕೈಯಾಗುತ್ತದೆ.

ಆರು ವರ್ಷದಿಂದ ಅವಳ ಕೆಲಸ ಇದೇ, ಯಾರು ಅಲುಗಿದರು ಯಾರು ಅಲುಗಲಿಲ್ಲ ಎಂದು ನೋಡುವುದು. ಈ ಊರಿನಲ್ಲಿ ಒಂಟಿಯಾಗಿರುವ ಅರವತ್ನಾಲ್ಕು ಮುದುಕ ಮುದುಕಿಯರು ಅವಳ ಸ್ಕ್ರೀನಿನಲ್ಲಿದ್ದರು. ಮುಖಗಳಿಲ್ಲ. ಕ್ಯಾಮೆರಾ ಹಾಕಿದರೆ ಹಿರಿಯರ ಮಾನ ಹೋಗುತ್ತದೆಂದು ಮಕ್ಕಳು ಒಪ್ಪುವುದಿಲ್ಲ; ಆದ್ದರಿಂದ ಕೋಣೆಗೊಂದರಂತೆ ಗೋಡೆಗೆ ಬೆಂಕಿಪೊಟ್ಟಣದಷ್ಟು ಬಿಳಿಯ ಸೆನ್ಸರ್. ಮನೆಯೆಂದರೆ ಸ್ಕ್ರೀನಿನ ಮೇಲೆ ನಾಲ್ಕೈದು ಚೌಕ. ಮನುಷ್ಯ ಅಲುಗಿದ ಚೌಕ ಹಸಿರು, ಇಪ್ಪತ್ತು ನಿಮಿಷ ಅಲುಗದಿದ್ದರೆ ಹಳದಿ, ಆಮೇಲೆ ಕೆಂಪು. ಹಳದಿಯಾದರೆ ಮನೆಗೆ ಫೋನು ಮಾಡಬೇಕು. ಎತ್ತದಿದ್ದರೆ ಕೀಲಿ ಇಟ್ಟುಕೊಂಡವರಿಗೆ, ಅವರೂ ಎತ್ತದಿದ್ದರೆ ಮಕ್ಕಳಿಗೆ. ಮಕ್ಕಳ ಫೋನಿನ ಆ್ಯಪಿನಲ್ಲಿ ಚೌಕಗಳೂ ಇಲ್ಲ, ಒಂದೇ ಒಂದು ಚುಕ್ಕೆ. ಅದು ಹಸಿರಾಗಿದ್ದರೆ ಅಪ್ಪ ಇದ್ದಾನೆ, ಅಮ್ಮ ಇದ್ದಾಳೆ, ಮೆಟ್ರೊ ಇಳಿದು ಆಫೀಸಿಗೆ ಹೋಗಬಹುದು. ಆದರೆ ನಾಗರತ್ನಾಳಿಗೆ ಎಲ್ಲ ಗೊತ್ತಿತ್ತು. ಮುಲುಂಡಿನ ಮುದುಕಿ ದಿನಕ್ಕೆ ಒಂಬತ್ತು ಸಲ ಫ್ರಿಜ್ಜಿನ ಬಾಗಿಲು ತೆಗೆಯುತ್ತಾಳೆ. ಚೆಂಬೂರಿನ ನಿವೃತ್ತ ಮಾಸ್ತರರು ಸಂಜೆ ನಾಲ್ಕಕ್ಕೆ ಹೊರಬಾಗಿಲ ಹತ್ತಿರ ಬಂದು ಕಾಲು ಗಂಟೆ ನಿಲ್ಲುತ್ತಾರೆ, ತೆಗೆಯುವುದಿಲ್ಲ. ಯಾವ ಮಗನಿಗೂ ಮಗಳಿಗೂ ಗೊತ್ತಿಲ್ಲದ ಈ ಗುಟ್ಟುಗಳನ್ನು ಹೊತ್ತುಕೊಂಡು ಅವಳು ಕಾಂಜೂರಿನ ತನ್ನ ಒಂದು ಕೋಣೆಗೆ ಹೋಗಿ ಒಬ್ಬಳೇ ಉಂಡು ಮಲಗುತ್ತಿದ್ದಳು. ಭಾನುವಾರ ಎದ್ದು ಮಾಡುವುದೇನೂ ಇಲ್ಲದೆ ಹಾಸಿಗೆಯಲ್ಲಿ ಬಿದ್ದುಕೊಂಡು, ನಾನೀಗ ಹಳದಿ, ಅಂದುಕೊಳ್ಳುತ್ತಿದ್ದಳು. ಹತ್ತು ಗಂಟೆಗೆ, ನಾನೀಗ ಕೆಂಪು. ಯಾರ ಫೋನೂ ಬರುತ್ತಿರಲಿಲ್ಲ. ನಗು ಬರುತ್ತಿತ್ತು.

ಶಿವಪುತ್ರಪ್ಪ ಅವಳ ಸ್ಕ್ರೀನಿಗೆ ಬಂದದ್ದು ಹೋದ ವರ್ಷ. ಗೋದಿಯಲ್ಲಿ, ಅಂದರೆ ಹಡಗುಕಟ್ಟೆಯಲ್ಲಿ, ಗುಮಾಸ್ತರಾಗಿದ್ದು ನಿವೃತ್ತರಾದವರು, ಹೆಂಡತಿ ಇಲ್ಲ, ಮಗಳು ವಿನೋದಿನಿ ಅಂಧೇರಿಯಲ್ಲಿ. ವಡಾಲದಿಂದ ಅಂಧೇರಿಗೆ ಒಂದು ಗಂಟೆಯ ದಾರಿ, ಆದರೆ ಈ ಊರಿನಲ್ಲಿ ಒಂದು ಗಂಟೆ ದೂರದ ಮಗಳು ಹಬ್ಬಕ್ಕೆ ಮಾತ್ರ ಬರುತ್ತಾಳೆ. ಮೊದಲ ದಿನವೇ ಬೆಳಿಗ್ಗೆ ಎಂಟೂಕಾಲಕ್ಕೆ ದೇವರ ಕೋಣೆ ಹಳದಿಯಾಯಿತು. ಫೋನು ಎತ್ತಲಿಲ್ಲ. ಕೆಂಪಾಯಿತು. ನಿಯಮದಂತೆ ಕೀಲಿಯವಳಿಗೂ ಮಗಳಿಗೂ ಫೋನು ಹೋಗಿ, ಗದ್ದಲವಾಗಿ, ಒಂಬತ್ತಕ್ಕೆ ಅವರೇ ತಿರುಗಿ ಫೋನು ಮಾಡಿ ಬೈದರು. ಲಿಂಗ ಅಂಗೈಯಲ್ಲಿ ಇದ್ದಾಗ ಮನುಷ್ಯ ಅಲುಗುತ್ತಾನೇನು, ಅಲುಗದೆ ಕೂಡುವುದೇ ಪೂಜೆ, ಇದು ನಿಮ್ಮ ಮಷೀನಿಗೆ ತಿಳಿಯುವುದಿಲ್ಲವೇನು ಎಂದು ಅರ್ಧ ಹಿಂದಿಯಲ್ಲಿ ಅರ್ಧ ಕನ್ನಡದಲ್ಲಿ ಕೂಗಿದರು. ನಾಗರತ್ನಾ ಕನ್ನಡದಲ್ಲಿ, ತಪ್ಪಾತ್ರಿ, ಶಿವಪೂಜಿ ಹೊತ್ತಿನಾಗ ಮಾತಾಡಸಬಾರದು ಅನ್ನೂದು ನನಗ ಗೊತ್ತೈತ್ರಿ ಅಂದಳು. ಆ ಕಡೆಯ ದನಿ ಒಮ್ಮೆಲೇ ಮೆತ್ತಗಾಯಿತು.

“ಯಾವೂರವ್ವಾ?”

“ಇಂಡಿ ತಾಲೂಕರಿ.”

“ನಮ್ಮ ಪೈಕಿ ಏನು? ಲಿಂಗವಂತರು?”

ಅವಳು ಹೌದ್ರಿ ಅಂದಳು. ಯಾಕೆ ಅಂದಳೋ. ಹೆಡ್‌ಫೋನಿನೊಳಗೆ ಒಬ್ಬ ಮುದುಕ ಮೊದಲ ಸಲ ಅವಳನ್ನು ಅವ್ವಾ ಎಂದು ಕರೆದಿದ್ದ. ಆ ಶಬ್ದವನ್ನು ಕೈಬಿಟ್ಟುಕೊಳ್ಳುವ ಮನಸ್ಸಾಗಲಿಲ್ಲ. ಸುಳ್ಳು ನಾಲಗೆಯಿಂದ ಅಷ್ಟು ಸರಾಗವಾಗಿ ಜಾರಿತು, ಅದಕ್ಕಾಗಿಯೇ ಮೂವತ್ತು ವರ್ಷ ತಯಾರಿ ನಡೆಸಿದ್ದಂತೆ. ಆಮೇಲೆ ತಿಂಗಳಿಗೊಮ್ಮೆ ಅವರೇ ಕಾರಣವಿಲ್ಲದೆ ಫೋನು ಮಾಡುವರು, ಊರ ಕಡೆ ಮಳೆಯಾಯಿತಂತೆ, ಜೋಳ ಎದೆಮಟ್ಟ ಬಂದಿದೆಯಂತೆ ಎನ್ನುವರು. ಅವಳು ಹೂಂಗುಟ್ಟುವಳು. ಶಿವಪೂಜೆಯ ವಿಷಯ ಅವಳಿಗೆ ಗೊತ್ತಿತ್ತು ನಿಜ. ಒಳಗಿನಿಂದಲ್ಲ. ಅವಳ ಅವ್ವ ಚನ್ನವ್ವ ಗೌಡರ ಮನೆಯ ಹಿತ್ತಲಲ್ಲಿ, ದನದ ಕೊಟ್ಟಿಗೆಯ ಈಚೆ, ಒಂದು ಚಪ್ಪಡಿಕಲ್ಲಿನ ಪಕ್ಕ ಮಜ್ಜಿಗೆಯ ಗಡಿಗೆ ಹಿಡಿದು ನಿಲ್ಲುತ್ತಿದ್ದಳು. ಕಲ್ಲಿನ ಮೇಲೆ ಅಲ್ಲ, ಪಕ್ಕ. ಗೌಡರು ಪೂಜೆಗೆ ಕೂತಿದ್ದಾರೆ ಎಂದರೆ ಕೆಮ್ಮಬಾರದು, ಕೂಸು ಅತ್ತರೆ ಬಾಯಿಗೆ ಸೆರಗು ಒತ್ತಬೇಕು, ಬಿಸಿಲು ಏರಿ ಕಾಲು ಸುಟ್ಟರೆ ಕಾಲು ಬದಲಿಸಬೇಕು, ಅಷ್ಟೆ. ಸೆರಗು ಒತ್ತಿಸಿಕೊಂಡ ಕೂಸು ನಾಗರತ್ನಾಳೇ. ಶಿವಪೂಜೆಯೆಂದರೆ ಅವಳಿಗೆ ಲಿಂಗವೂ ಅಲ್ಲ, ವಿಭೂತಿಯೂ ಅಲ್ಲ, ಬಾಯೊಳಗೆ ತುರುಕಿದ ಬೆವರಿನ ಉಪ್ಪು ಸೆರಗು. ಒಳಗೆ ದೊಡ್ಡವರು ಅಲುಗದೆ ಕೂತಿದ್ದಾರೆ. ಹೊರಗೆ ನಾವು ಅಲುಗದೆ ನಿಲ್ಲಬೇಕು. ಅದನ್ನು ಅವಳ ಮೈ ಕಲಿತಿತ್ತು. ಮುಂಬಯಿಗೆ ಬಂದು ಓದಿ, ಹೆಸರಿನ ಮುಂದಿನ ಊರನ್ನು ಕಿತ್ತು, ಎಸಿ ಕೋಣೆಯಲ್ಲಿ ಕೂತರೂ ಮೈ ಕಲಿತದ್ದನ್ನು ಮರೆಯಲಿಲ್ಲ.

ಪೂಜೆ ಎಂಬ ಗುರುತನ್ನು ಸಿಸ್ಟಮಿನಲ್ಲಿ ಸೇರಿಸಲು ಹೇಳಿಕೊಟ್ಟವಳು ಅವಳೇ. ಅದನ್ನೊಮ್ಮೆ ಒತ್ತಿದರೆ ಅಲಾರ್ಮು ಒಂದು ಗಂಟೆ ಸುಮ್ಮನಾಗುತ್ತದೆ, ಮಗಳ ಫೋನಿನ ಚುಕ್ಕೆ ಹಸಿರಾಗಿಯೇ ಉಳಿಯುತ್ತದೆ. ಒಂದೇ ದಿನ ಮೂರು ಸಲ ಒತ್ತಿದರೆ ಮಷೀನು ಅದನ್ನು ಆ ಮನುಷ್ಯನ ರೂಢಿಯೆಂದು ಕಲಿತುಬಿಡುತ್ತದೆ, ಅಂದು ಮತ್ತೆ ಕೇಳುವುದಿಲ್ಲ. ಸೂಪರ್‌ವೈಸರ್ ಅನಿಲಕುಮಾರ ಅವಳನ್ನು ಮೀಟಿಂಗಿನಲ್ಲಿ ಎಬ್ಬಿಸಿ ನಿಲ್ಲಿಸಿ, ಸಂಸ್ಕೃತಿ ತಿಳಿದವರು ಅಂದರೆ ಹೀಗಿರಬೇಕು ಎಂದು ಚಪ್ಪಾಳೆ ಹೊಡೆಸಿದ್ದ. ಅಂದು ಅವಳು ಗೌಡರ ಹಿತ್ತಲಿನ ಕಲ್ಲನ್ನು ನೆನೆದಿರಲಿಲ್ಲ. ಅಂದು ಖುಷಿಯಾಗಿತ್ತು.

ಮೊದಲ ಸಲ ಒತ್ತಿದ್ದಕ್ಕೆ ಅವಳ ಹತ್ತಿರ ಉತ್ತರವಿದೆ, ದಿನವೂ ಒತ್ತುತ್ತಿದ್ದೆ. ಎರಡನೆಯದಕ್ಕೂ ಇದೆ, ಶ್ರಾವಣ ಸೋಮವಾರ ಪೂಜೆ ಉದ್ದವಾಗುತ್ತದೆ. ಮೂರನೆಯದಕ್ಕೆ ಇಲ್ಲ. ಹತ್ತೂಕಾಲಕ್ಕೆ ಪಕ್ಕದ ಸೀಟಿನ ನಮಿತಾ ತನ್ನ ಮಗಳು ಶಾಲೆಯಲ್ಲಿ ಕುಣಿದದ್ದನ್ನು ಮೊಬೈಲಿನಲ್ಲಿ ತೋರಿಸುತ್ತಿದ್ದಳು. ಕುಣಿಯುತ್ತ ಕುಣಿಯುತ್ತ ಆ ಹುಡುಗಿಯ ಗೆಜ್ಜೆ ಬಿಚ್ಚಿ ಮುಂದಿನ ಸಾಲಿನವರ ಮೇಲೆ ಹಾರಿತು. ನಾಗರತ್ನಾ ನಕ್ಕಳು. ನಗುತ್ತ, ಮುಖ ತಿರುಗಿಸದೆ, ಕಣ್ಣಂಚಿನಲ್ಲಿ ಹಳದಿ ಕಂಡದ್ದಕ್ಕೆ ಬೆರಳು ತಾನಾಗಿ ಹೋಗಿ ಒತ್ತಿತು. ಶಿವಪುತ್ರಪ್ಪನವರ ಬಾಯಿ ವಾರೆಯಾಗಿ ನೆಲಕ್ಕೆ ಒತ್ತಿಕೊಂಡಿದ್ದ ಆ ಹೊತ್ತಿನಲ್ಲಿ ತಾನು ಹಲ್ಲು ಕಾಣುವಂತೆ ನಕ್ಕಿದ್ದೆ ಎನ್ನುವುದು ಅವಳಿಗೆ ಆಮೇಲೆ ಗೊತ್ತಾಯಿತು. ಗೊತ್ತಾದ ದಿನದಿಂದ ಹಲ್ಲುಜ್ಜುವಾಗ ಕನ್ನಡಿ ನೋಡುತ್ತಿಲ್ಲ.

ವಡಾಲದಲ್ಲಿ ಇಳಿದವಳು ನೇರ ಗಂಗುಬಾಯಿಯ ಜೋಪಡಿಗೆ ಹೋಗಬೇಕಾಗಿತ್ತು. ಕಾಲು ಶಿವಪುತ್ರಪ್ಪನವರ ಬಿಲ್ಡಿಂಗಿನ ಕಡೆ ಹೋಯಿತು. ಒಂದು ವರ್ಷದಿಂದ ಚೌಕಗಳಾಗಿ ನೋಡಿದ ಮನೆ ಕಣ್ಣಿಗೆ ಹೇಗೆ ಕಾಣುತ್ತದೋ. ಮೂರನೆಯ ಮಹಡಿ, ಹಸಿರು ಬಣ್ಣ ಹೋದ ಗ್ರಿಲ್ಲು, ಗ್ರಿಲ್ಲಿನಲ್ಲಿ ಒಣಗಿದ ತುಳಸಿ, ಒಂದು ಟವೆಲು. ಸೋಮವಾರ ಬೆಳಿಗ್ಗೆ ಪೂಜೆಗೆ ಮೊದಲು ಹಿಂಡಿ ಹಾಕಿದ ಟವೆಲಿರಬೇಕು, ಮೂರು ದಿನದ ಮಳೆಗೆ ನೆನೆದು ಒಣಗಿ ನೆನೆದು ಹಾಗೇ ಇತ್ತು. ಗೇಟಿನ ವಾಚ್‌ಮನ್ ಯಾವ ಫ್ಲ್ಯಾಟು ಎಂದು ಹಿಂದಿಯಲ್ಲಿ ಕೇಳಿದ. ಅವಳಿಗೆ ನಂಬರು ಬಾಯಿಗೇ ಬಂದಿತ್ತು, ಆದರೆ ನಾನು ಅವರಿಗೆ ಏನಾಗಬೇಕು ಎಂದು ಹೇಳಲು ತಿಳಿಯದೆ ನಿಂತಳು. ಹೆಸರಿಲ್ಲದೆ ನಿಂತವಳ ಕಡೆಗೆ ಅವನು ಟ್ಯಾಬನ್ನು ಎತ್ತಿ ಫೋಟೊ ತೆಗೆದುಕೊಂಡ. ತಪ್ಪು ಮಾಡಿದವಳ ಫೋಟೊ ಸರಿಯಾಗಿಯೇ ಸಿಕ್ಕಿತು, ಆದರೆ ಅವನಿಗೆ ಅದು ತಿಳಿಯದು. ಅವನ ಟ್ಯಾಬಿನಲ್ಲಿ ಕೆಂಪು ಗೆರೆ ಎಳೆದ ಮುಖ ಗಂಗುಬಾಯಿಯದು.

ಮಂಗಳವಾರ ಅನಿಲಕುಮಾರ ಅವಳನ್ನು ಗಾಜಿನ ಕೋಣೆಗೆ ಕರೆದು ಬಾಗಿಲು ಹಾಕಿದ್ದ. ಧಾರವಾಡದವರ ಮಗ, ಹುಟ್ಟಿದ್ದು ಇಲ್ಲೇ, ಕನ್ನಡವನ್ನು ಯಾರದೋ ಚಪ್ಪಲಿಯಂತೆ ಹಾಕಿಕೊಂಡು ನಡೆಯುತ್ತಾನೆ. ಮಗಳು ರಿಪೋರ್ಟು ಕೇಳುತ್ತಿದ್ದಾಳೆ, ಅಂದ. ನಿಮ್ಮ ಕ್ಲಿಕ್ಕಿನ ವಿಷಯ ಸದ್ಯ ನನ್ನ ಹತ್ತಿರವೇ ಇದೆ. ಕೀಲಿ ಇದ್ದ ಆ ಕೆಲಸದ ಬಾಯಿ ಬಾಗಿಲು ಯಾಕೆ ತೆಗೆಯಲಿಲ್ಲ? ಎಂಟೂಕಾಲಕ್ಕೆ ನಾವು ಫೋನು ಮಾಡಿದ್ದೆವು, ಅವಳು ಬರಲಿಲ್ಲ; ಅಷ್ಟು ಬರೆದಿದ್ದೇವೆ, ಅವಳದೊಂದು ಹೆಬ್ಬೆಟ್ಟು ಬೇಕು. ಫೋನು ಹೋಗಿರಲಿಲ್ಲವಲ್ಲ ಎಂದು ನಾಗರತ್ನಾ ಅಂದಿದ್ದಳೇ? ಅಂದಿದ್ದಳು, ಆದರೆ ಅವನಿಗೆ ಕೇಳುವಷ್ಟು ಜೋರಾಗಿ ಅಲ್ಲ. “ಮೇಡಂ, ನಿಮ್ಮ ಭಾಷೆಯವಳು, ನೀವು ಹೇಳಿದರೆ ಒತ್ತತಾಳೆ,” ಅಂದ. “ಇಲ್ಲಾಂದ್ರೆ ಕ್ಲಿಕ್ ಯಾರದು ಅಂತ ಬರತದ. ಆಮೇಲೆ ನಾನು ನಿಮ್ಮನ್ನ ಹೆಂಗ ಉಳಿಸಲಿ?” ಉಳಿಸುವ ಮಾತನ್ನು ಅವನು ಎಷ್ಟು ಮೆದುವಾಗಿ ಆಡಿದನೆಂದರೆ ಅವಳು ಥ್ಯಾಂಕ್ಯೂ ಅಂದು ಹೊರಗೆ ಬಂದಳು. ಥ್ಯಾಂಕ್ಯೂ. ಅದೊಂದು ಶಬ್ದ ಎರಡು ದಿನದಿಂದ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಇದೆ.

ಗಂಗುಬಾಯಿಯ ಜೋಪಡಿ ಗೋದಿಯ ಜಾಗದ ಗೋಡೆಗೆ ಬೆನ್ನು ಕೊಟ್ಟು ನಿಂತಿತ್ತು. ಐವತ್ತರ ಹೆಂಗಸು, ಗಟ್ಟಿ ಮೈ, ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಪಾತ್ರೆ ತಿಕ್ಕುತ್ತಿದ್ದಳು. ತಿಕ್ಕಿದ ಪಾತ್ರೆಗಳು ಪಕ್ಕದಲ್ಲಿ ಹೊಳೆಯುತ್ತಿದ್ದವು, ಅವುಗಳನ್ನೇ ಮತ್ತೆ ಎಳೆದುಕೊಂಡು ತಿಕ್ಕುತ್ತಿದ್ದಾಳೆ ಎಂದು ನಾಗರತ್ನಾಳಿಗೆ ಸ್ವಲ್ಪ ಹೊತ್ತು ನಿಂತ ಮೇಲೆ ತಿಳಿಯಿತು. ಆ ಬಿಲ್ಡಿಂಗಿನಲ್ಲಿ ಐದು ಮನೆಯ ಕೆಲಸ ಅವಳದು. ಗೇಟು ಒಂದೇ. ಆಫೀಸಿನಿಂದ ಬಂದೀನಿ, ನಾಗರತ್ನಾ ಎಂದೊಡನೆ ಗಂಗುಬಾಯಿ ಕೈ ತೊಳೆದು ಒಳಗೆ ಕರೆದು, ಹಾಸಿದ ಚಾಪೆಯ ಮೇಲೆ ಇನ್ನೊಂದು ದುಪ್ಪಟಿ ಹಾಸಿದಳು. ದೊಡ್ಡವರಿಗೆ ಹಾಸುವ ಹಾಗೆ.

“ಅಜ್ಜಾರು ನಿಮ್ಮ ಸುದ್ದಿ ಭಾಳ ಹೇಳತಿದ್ದರ್ರಿ, ಅಕ್ಕಾರ,” ಅಂದಳು. “ಆಫೀಸಿನ್ಯಾಗ ನಮ್ಮ ಪೈಕಿ ಹುಡುಗಿ ಕುಂತಾಳ, ನಾ ಎದ್ದದ್ದು ಕುಂತದ್ದು ಎಲ್ಲಾ ಆಕಿಗೆ ಕಾಣತೈತಿ ಅಂತಿದ್ದರು. ದೀಪಾ ಆರಸೂ ಮುಂದ ಆ ಗ್ವಾಡಿ ಡಬ್ಬಿಗೆ ಕೈ ಎತ್ತಿ, ಮಲಗತೀನವ್ವಾ, ಅಂತಿದ್ದರಂತ. ನಾ ನಕ್ಕರ ಬೈತಿದ್ದರು.”

ನಾಗರತ್ನಾಳಿಗೆ ಆ ಕೈ ಗೊತ್ತಿತ್ತು. ದಿನವೂ ರಾತ್ರಿ ಒಂಬತ್ತೂವರೆಗೆ ಮಲಗುವ ಕೋಣೆಯ ಚೌಕ ಒಮ್ಮೆ ಕಾರಣವಿಲ್ಲದೆ ಮಿನುಗಿ ನಿಲ್ಲುತ್ತಿತ್ತೆಂದು ದಾಖಲೆಯಲ್ಲಿ ನೋಡಿದ್ದಳು. ಸೆನ್ಸರಿನ ದೋಷವೆಂದು ಬರೆದಿದ್ದಳು. ಆ ಹೊತ್ತಿಗೆ ಅವಳ ಶಿಫ್ಟು ಮುಗಿದು ನಾಲ್ಕು ತಾಸು ಕಳೆದಿರುತ್ತಿತ್ತು. ಯಾರೂ ಇಲ್ಲದ ಕುರ್ಚಿಗೆ ಅವರು ಕೈ ಎತ್ತುತ್ತಿದ್ದರು. ಗಂಗುಬಾಯಿ ಕೊಟ್ಟ ಚಹಾದ ಲೋಟವನ್ನು ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಕುಡಿಯಲಿಲ್ಲ.

ಗಂಗುಬಾಯಿ ಕೇಳದೆಯೇ ಸೋಮವಾರದ್ದನ್ನು ಹೇಳಿದಳು, ಎಷ್ಟೋ ಜನರಿಗೆ ಹೇಳಿ ಸವೆದ ಮಾತಿನಂತೆ. ಎಂಟೂವರೆಗೆ ಬಂದಳು, ಬಾಗಿಲು ಹಾಕಿತ್ತು. ಪೂಜೆ ಮುಗಿಸಿ ಅಜ್ಜಾರು ತಾವೇ ಬಾಗಿಲು ತೆಗೆದಿಡುವುದು ಕ್ರಮ. ಅಲ್ಲಿಯ ತನಕ ಅವಳು ಬೆಲ್ಲು ಒತ್ತಬಾರದು, ಒಳಗೆ ಬರಬಾರದು, ಅವಳ ಗಾಳಿ ಸೋಕಬಾರದು. ಕೀಲಿ ಕೊಟ್ಟದ್ದು ಮಗಳು, ಬಳಸಬೇಡವೆಂದದ್ದು ಅಪ್ಪ. ಗೋಡೆಗೆ ಬಸವಣ್ಣನ ಫೋಟೊ ಐತಿ, ಜಾತಿ ಇಲ್ಲ ಅಂದಾಂವಂದು, ಅದರ ಧೂಳಾ ಹೊಡಿಯಾಕಿ ನಾನ, ಪೂಜಿ ಮುಗದ ಮ್ಯಾಲ, ಎಂದು ನಕ್ಕಳು. ಮೆಟ್ಟಿಲ ಮೇಲೆ ಕೂತಳು, ಮೇಲಿನ ಮನೆಗೆ ಹೋಗಿ ಬಂದಳು, ಹತ್ತಕ್ಕೆ ನೋಡಿದಳು, ಹನ್ನೆರಡಕ್ಕೆ ನೋಡಿದಳು. ಶ್ರಾವಣ ಸೋಮವಾರವಲ್ಲವೇ. ಎರಡಕ್ಕೆ ಕೀಲಿ ಹಾಕಿದಳು. ಆಗಲೂ, ಒಳಗೆ ಅವರು ಕಣ್ಣು ಬಿಟ್ಟು ಬೈದರೆ ಏನು ಹೇಳಲಿ ಎನ್ನುವುದೇ ಹೆದರಿಕೆ. ಅವರ ಎಡಗೈ ಮುಚ್ಚಿಕೊಂಡೇ ಇತ್ತು. ಅದರೊಳಗೆ ಲಿಂಗ. ಆಸ್ಪತ್ರೆಯಲ್ಲಿ ಬಿಡಿಸಬೇಕಾಯಿತಂತೆ.

ಕಾಗದ ತೆಗೆಯಲೇಬೇಕಾಯಿತು. ಇಂಗ್ಲಿಷಿನಲ್ಲಿತ್ತು. ಬರುವಾಗ ದಾರಿಯುದ್ದಕ್ಕೂ ನಾಗರತ್ನಾ ಒಂದು ವಾಕ್ಯ ಕಟ್ಟಿಕೊಂಡಿದ್ದಳು, ಏನಿಲ್ಲ, ನೀ ಅವತ್ತು ಅಲ್ಲಿದ್ದಿ ಅಂತ ಬರದಾರ. ಅದು ಸುಳ್ಳೂ ಅಲ್ಲ. ಗಂಗುಬಾಯಿ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ ಅವಳ ಕೈಗೇ ಕೊಟ್ಟಳು. “ಓದಿ ಹೇಳ್ರಿ. ಇಂಗ್ಲೀಷ್ ಕಾಗದಕ್ಕ ಒಮ್ಮೆ ಹೆಬ್ಬೆಟ್ಟ ಒತ್ತಿ ಒಂದು ಜೋಪಡಿ ಕಳಕೊಂಡೀನಿ.”

ನಾಗರತ್ನಾ ಓದಿದಳು. ಸಾಲು ಸಾಲಾಗಿ, ಕನ್ನಡ ಮಾಡಿ. ಎಂಟೂಕಾಲಕ್ಕೆ ಕಂಪನಿಯಿಂದ ನನಗೆ ಫೋನು ಬಂತು. ಕೂಡಲೆ ಹೋಗಿ ನೋಡೆಂದರು. ಕೀಲಿ ಇದ್ದರೂ ನಾನು ಹೋಗಲಿಲ್ಲ. ತನ್ನ ದನಿ ಬೇರೆ ಯಾರದೋ ಬಾಯಿಂದ ಬರುತ್ತಿದೆ ಎನಿಸಿತು. ಓದಿ ಮುಗಿದ ಮೇಲೆ ಹೊರಗೆ ಲೋಕಲ್ ಹೋದ ಸದ್ದು ಪಾತ್ರೆಗಳಲ್ಲಿ ಸಣ್ಣಗೆ ನಡುಗಿ ನಿಂತಿತು.

“ನನಗ ಫೋನ್ ಬಂದಿಲ್ಲ,” ಅಂದಳು ಗಂಗುಬಾಯಿ.

“ಇಲ್ಲ.”

“ಬಂದಿತ್ತು ಅಂದ್ರ ಗೇಟ್ ಬಿಡತಾರೇನು?”

“ತಪ್ಪು ಒಪ್ಪಕೊಂಡ್ರ ಸೊಸಾಯಟಿಯವರಿಗೆ ಹೇಳಿ ಬಿಡಸತೀವಿ ಅಂತ ನಮ್ಮ ಸಾಹೇಬರು ನಿನ್ನೆ ಅಂದಾರ.”

ಗಂಗುಬಾಯಿ ಸ್ವಲ್ಪ ಹೊತ್ತು ಯೋಚಿಸಿದಳು. ಆ ಯೋಚನೆಯಲ್ಲಿ ದುಃಖವಿರಲಿಲ್ಲ, ಬಜಾರಿನಲ್ಲಿ ಹುಳುಕು ಬದನೆಕಾಯಿಯನ್ನು ತಿರುಗಿಸಿ ನೋಡಿ ತೆಗೆದುಕೊಳ್ಳುವವರ ಗಮನವಿತ್ತು. ಐದು ಮನೆ. ಅಂದಳು, “ತರ್ರಿ ಹಂಗಾರ,” ಮತ್ತು ತಾನೇ ತಗಡಿನ ಡಬ್ಬಿಯ ಮುಚ್ಚಳ ತೆಗೆದು ಹೆಬ್ಬೆಟ್ಟನ್ನು ಒತ್ತಿ ಎತ್ತಿದಳು. ನೇರಳೆ ಹೆಬ್ಬೆಟ್ಟು ಗಾಳಿಯಲ್ಲಿ ನಿಂತಿತು. “ಒಂದ ಮಾತು, ಅಕ್ಕಾರ. ಅವತ್ತ ಅಲ್ಲಿ ನೋಡಾಕ ಯಾರ ಕುಂತಿದ್ದರು?”

ಇಲ್ಲವೆನ್ನಬಹುದಿತ್ತು. ಮಷೀನು ಅನ್ನಬಹುದಿತ್ತು. “ನಾನು,” ಅಂದಳು ನಾಗರತ್ನಾ. “ಪೂಜಿ ಅನಕೊಂಡೆ. ಮೂರು ಸಲ.”

“ನಾನೂ ಅದನ್ನ ಅನಕೊಂಡೆ,” ಅಂದಳು ಗಂಗುಬಾಯಿ, ಸಮಾಧಾನ ಮಾಡುವವಳಂತೆ. “ನಿಮ್ಮ ಮಂದಿ ಪೂಜಿ. ನಿಮಗ ಗೊತ್ತಿರತೈತಿ.”

“ಅದು ನಮ್ಮ ಮಂದಿ ಪೂಜಿ ಅಲ್ಲ. ಅಜ್ಜಾರಿಗೆ ನಾ ಸುಳ್ಳು ಹೇಳಿದ್ದೆ. ನಮ್ಮವ್ವ ಗೌಡರ ಹಿತ್ತಲದಾಗ ನಿಲ್ಲತಿದ್ದಳು. ಪೂಜಿ ಮುಗಿಯೂ ಮಟಾ. ನೀ ಮೆಟ್ಟಲ ಮ್ಯಾಲ ಕುಂತಂಗ.”

ಇದನ್ನು ಮುಂಬಯಿಯಲ್ಲಿ ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದಾಗ ಏನೋ ಆಗುತ್ತದೆ ಎಂದುಕೊಂಡಿದ್ದಳು, ಏನೂ ಆಗಲಿಲ್ಲ. ಗಂಗುಬಾಯಿ ಅವಳನ್ನು ಮೇಲಿಂದ ಕೆಳಗೆ ನೋಡಿ, ಹಾಸಿದ ದುಪ್ಪಟಿಯನ್ನು ನೋಡಿ, ಹೂಂ ಅಂದಳು. ಗೌರವ ಒಂದು ಮೆಟ್ಟಿಲು ಇಳಿಯಿತು. ಅಕ್ಕಾರ ಹೋಗಿ ಅಕ್ಕ ಆಯಿತು. “ಆತು ಬಿಡಕ್ಕ. ಕಾಗದ ಹಿಡಿ, ಶಾಯಿ ಆರತೈತಿ.”

ನಾಗರತ್ನಾ ಕಾಗದವನ್ನು ಮುಂದೆ ಹಿಡಿಯಲಿಲ್ಲ. ತಾನು ಅದನ್ನು ಎದೆಗೆ ಒತ್ತಿಕೊಂಡಿದ್ದು ಅವಳಿಗೇ ಆಮೇಲೆ ತಿಳಿಯಿತು. ಗಂಗುಬಾಯಿಗೆ ಸಿಟ್ಟು ಬಂತು. “ಏನ್ ನಾಟಕ ಇದು? ಒತ್ತು ಅಂತ ಬಂದಾಕಿ ನೀನ. ನಿನ್ನ ಮನಸ್ಸಿಗೆ ಸಮಾಧಾನ ಆಗಲಿ ಅಂತ ನನ್ನ ಐದು ಮನಿ ಕಳೀಬ್ಯಾಡ. ಗೇಟ್ ತೆಗಸಾಕ ನಿನಗ ಆಗತೈತೇನು? ಆಗತಿದ್ದರ ತೆಗಸು, ಇಲ್ಲಾಂದ್ರ ಹಿಡಿ.”

ಗೇಟು ಬಂದ್ ಮಾಡಿಸಿದವಳು ವಿನೋದಿನಿ. ನಾಗರತ್ನಾಳ ಫೋನಿನಲ್ಲಿ ಅರವತ್ನಾಲ್ಕು ಮನೆಗಳ ಮಕ್ಕಳ ನಂಬರುಗಳಿದ್ದವು, ತುರ್ತಿಗೆ ಮಾತ್ರ. ಅವಳು ಒತ್ತಿದಳು. ಆಸ್ಪತ್ರೆಯ ಕಾರಿಡಾರಿನ ಸದ್ದು, ಯಾರದೋ ಹೆಸರು ಕೂಗುತ್ತಿರುವುದು, ಅದರ ನಡುವೆ ಹಲೋ. ನಾಗರತ್ನಾ ತಾನು ಯಾರೆಂದು ಹೇಳಿ, ಗಂಗುಬಾಯಿಗೆ ಕೇಳುವಂತೆಯೇ ಹೇಳಿದಳು. ಸೋಮವಾರ ನಾನು ಕೂತಿದ್ದೆ. ಮೂರು ಸಲ ಪೂಜೆ ಎಂದು ಒತ್ತಿದೆ. ಗಂಗುಬಾಯಿಗೆ ನಮ್ಮಿಂದ ಫೋನೇ ಹೋಗಿಲ್ಲ. ಅವಳು ಬಾಗಿಲು ತೆಗೆಯದಿದ್ದರೆ ಸಂಜೆಯ ತನಕ ಯಾರಿಗೂ ತಿಳಿಯುತ್ತಿರಲಿಲ್ಲ. ನಿಮಗೆ ಬರುವ ರಿಪೋರ್ಟು ಸುಳ್ಳು.



“ಮೂರನೇ ಸಲಾನೂ ನೋಡಿ ಒತ್ತಿದ್ರಾ?” ಎಂದು ಕೇಳಿದಳು ವಿನೋದಿನಿ.

“ಇಲ್ಲ. ನೋಡಲಿಲ್ಲ.”

“ಮೈನೇ ಭೀ ನೌ ಬಜೆ ದೇಖಾ ಥಾ,” ಅಂದಳು ವಿನೋದಿನಿ, ಆಮೇಲೆ ಕನ್ನಡ ಹುಡುಕಿಕೊಂಡವಳಂತೆ, “ನಾನೂ ಒಂಬತ್ತಕ್ಕ ನೋಡಿದ್ದೆ, ಅಂಧೇರಿ ಸ್ಟೇಷನದಾಗ. ಹಸಿರಿತ್ತು. ಅಪ್ಪ ಛಲೋ ಇದ್ದಾರ ಅಂತ ಪರ್ಸಿನ್ಯಾಗ ಇಟ್ಟೆ.” ಮುಂದೆ ಏನಾದರೂ ಬರುತ್ತದೆಂದು ನಾಗರತ್ನಾ ಕಾದಳು. ಬೈಗುಳ ಬಂದಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. ಫೋನು ಕಟ್ಟಾಯಿತು.

ಗೇಟಿನ ಮಾತು ಬರಲೇ ಇಲ್ಲ. ಗಂಗುಬಾಯಿ ಕೇಳಲಿಲ್ಲ. ಅವಳು ಶಾಯಿಯ ಹೆಬ್ಬೆಟ್ಟನ್ನು ಉಳಿದ ಬೆರಳುಗಳಿಂದ ದೂರ ಮಾಡಿ ಮೊಣಕಾಲ ಮೇಲೆ ಇಟ್ಟುಕೊಂಡು ನಾಗರತ್ನಾಳ ಮುಖವನ್ನೇ ನೋಡುತ್ತಿದ್ದಳು. ಕೆಲಸ ಕಳೆದುಕೊಂಡವರ ಮುಖ ಹೇಗಿರುತ್ತದೆಂದು ಬಲ್ಲವಳು. ಎದುರಿಗೆ ಅಂಥದೊಂದು ಮುಖ ಈಗಷ್ಟೇ ಮೂಡುತ್ತಿತ್ತು. ಚಹಾ ಆರಿತ್ತು. ಅವಳು ಎಡಗೈಯಿಂದ ಆ ಲೋಟವನ್ನು ತೆಗೆದು ಒಲೆಯ ಮೇಲಿನ ಪಾತ್ರೆಗೆ ಸುರಿದು ಮತ್ತೆ ಬಿಸಿಗಿಟ್ಟಳು. ಈ ಊರಿನಲ್ಲಿ ತನ್ನ ಎದುರಿಗೆ ಇನ್ನೊಬ್ಬರು ಇಷ್ಟು ಹೊತ್ತು ಸುಮ್ಮನೆ ಕೂತದ್ದು ಯಾವಾಗ ಎಂದು ನಾಗರತ್ನಾ ನೆನಪು ಮಾಡಿಕೊಳ್ಳಲು ನೋಡಿದಳು, ಸಿಗಲಿಲ್ಲ.

ಹತ್ತು ನಿಮಿಷಕ್ಕೆ ಅನಿಲಕುಮಾರನ ಫೋನು ಬಂತು. ಮಗಳು ಅವನಿಗೆ ಮಾಡಿದ್ದಳು. ಅವನು ಕೂಗಲಿಲ್ಲ. ಈಗಲೂ ಸರಿಮಾಡಲು ಆಗುತ್ತದೆ ಮೇಡಂ, ಅಂದ. ತಿರುಗಿ ಆಕೆಗೆ ಫೋನು ಮಾಡಿ, ತಲೆ ಕೆಟ್ಟಿತ್ತು, ಬೇರೆ ದಿನದ್ದನ್ನು ಹೇಳಿದೆ ಅನ್ನಿ. ಎರಡು ದಿನ ರಜೆ ತಗೊಳ್ಳಿ. ನಾಗರತ್ನಾ ಇಲ್ಲ ಅಂದಳು. ಅದೆಷ್ಟು ಸಣ್ಣ ದನಿಯೆಂದರೆ ಅವನು ಮತ್ತೊಮ್ಮೆ ಕೇಳಿದ, ಅವಳು ಮತ್ತೊಮ್ಮೆ ಅಂದಳು, ಈ ಸಲ ಗಾಜಿನ ಕೋಣೆಯಾಚೆಗೂ ಕೇಳುವಷ್ಟು. ಹಾಗಾದರೆ ಆ ಕೆಲಸದ ಬಾಯಿಗೆ ಕೊಡಿ ಫೋನು, ಅಂದ. ಅವಳು ಸ್ಪೀಕರಿಗೆ ಹಾಕಿ ಚಾಪೆಯ ಮೇಲಿಟ್ಟಳು.

ಅವನು ತನ್ನ ಎರವಲು ಕನ್ನಡದಲ್ಲಿ ಗಂಗುಬಾಯಿಯನ್ನು ಬಾಯಾರ ಎಂದು ಕರೆದ. ಆ ಮೇಡಂ ಹೇಳಿದ್ದು ಕೇಳಬೇಡಿ, ಅವರ ನೌಕರಿ ಹೋಯಿತು, ನಿಮ್ಮದು ಯಾಕೆ ಹೋಗಬೇಕು. ಕಾಗದ ಅಲ್ಲೇ ಇದೆ. ಒತ್ತಿ ಫೋಟೊ ಕಳಿಸಿ, ಸಂಜೆ ಆರಕ್ಕೆ ಗೇಟು ಬಿಡುತ್ತಾರೆ, ಇದು ನನ್ನ ಮಾತು. ಅವನ ಮಾತಿನಲ್ಲಿ ಐದೂ ಮನೆಗಳ ಬಾಗಿಲು ಒಂದೊಂದಾಗಿ ತೆರೆದವು. ನಾಗರತ್ನಾ ಅದನ್ನು ಗಂಗುಬಾಯಿಯ ಕಣ್ಣಲ್ಲಿ ನೋಡಿದಳು. ಕಾಗದವನ್ನು ಮಡಿಲಿಂದ ತೆಗೆದು ಇಬ್ಬರ ನಡುವೆ ಚಾಪೆಯ ಮೇಲೆ ಇಟ್ಟಳು. ತನ್ನ ಪಾಪ ತನ್ನದು. ಇನ್ನೊಬ್ಬಳ ಹೊಟ್ಟೆಯ ಮೇಲೆ ಕೂತು ಪುಣ್ಯ ಮಾಡುವ ಹಕ್ಕು ತನಗಿಲ್ಲ.

ಗಂಗುಬಾಯಿ ಕಾಗದವನ್ನು ನೋಡಿದಳು. ಫೋನಿನ ಕಡೆ ಬಾಗಿದಳು.

“ಸಾಹೇಬರ, ನನಗ ಫೋನ್ ಬಂದಿಲ್ರಿ,” ಅಂದಳು. “ಆ ಬಾಗಲಾ ತಗದಾಕಿ ನಾನ. ತಗದಿಲ್ಲ ಅಂತ ಹೆಂಗ ಒತ್ತಲಿ? ನಾ ಒತ್ತಂಗಿಲ್ಲ.”